ಅಭಾ ಆ್ಯಪ್: ಹಿರಿಯರ ಪ್ಲಾಸ್ಟಿಕ್ ಕವರಿನ ಫೈಲಿಗೆ ಜೊತೆಯಾಗುತ್ತದೆಯೇ?

ಹಾಸನದ ಯಾವುದೇ ಆಸ್ಪತ್ರೆಯಲ್ಲಿ ಬೆಳಗ್ಗೆ ಚೀಟಿ ಮಾಡಿಸುವ ಸಾಲನ್ನು ನೋಡಿ. ವಯಸ್ಸಾದವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದ್ದೇ ಇರುತ್ತದೆ. ಅರಕಲಗೂಡಿನಿಂದ, ಬೇಲೂರಿನಿಂದ, ಸಕಲೇಶಪುರದ ಹೆತ್ತೂರು ಕಡೆಯಿಂದ ಮೊದಲ ಬಸ್ಸಿಗೆ ಬಂದವರ ಹತ್ತು ವರ್ಷದ ಆರೋಗ್ಯವೆಲ್ಲ ಆ ಕವರಿನೊಳಗೇ ಇರುತ್ತದೆ: ಮಾತ್ರೆ ಚೀಟಿ, ಶುಗರ್ ರಿಪೋರ್ಟ್, ಇಸಿಜಿ, ಡಿಸ್ಚಾರ್ಜ್ ಸಾರಾಂಶ. ಆ ಕಾಗದಗಳ ಕೆಲಸವನ್ನು ಫೋನಿಗೆ ವಹಿಸಲು ಕೇಂದ್ರ ಸರ್ಕಾರದ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ತಂದಿರುವುದು ಅಭಾ, ಅಂದರೆ ಆಯುಷ್ಮಾನ್ ಭಾರತ್ ಹೆಲ್ತ್ ಅಕೌಂಟ್. ಇದರ ಹಿಂದಿನ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಜಾರಿಯಾದದ್ದು 2021ರ ಸೆಪ್ಟೆಂಬರ್ 27ರಂದು. ಅರವತ್ತು ದಾಟಿದ ರೋಗಿ ಇದನ್ನು ಸ್ವಂತವಾಗಿ ಬಳಸಬಲ್ಲರೇ, ಕಲಿಸುವವರು ಎಲ್ಲಿಂದ ಶುರುಮಾಡಬೇಕು ಎಂಬುದೊಂದೇ ಈ ವಿಮರ್ಶೆಯ ಪ್ರಶ್ನೆ.

ಹಿರಿಯರ ಬಳಕೆಯ ಮಟ್ಟಿಗೆ ಈ ಆ್ಯಪಿಗೆ ಐದರಲ್ಲಿ ಮೂರು ಅಂಕ. ಒಮ್ಮೆ ಸರಿಯಾಗಿ ಹೊಂದಿಸಿಕೊಟ್ಟರೆ ರಿಪೋರ್ಟ್ ತೆರೆದು ವೈದ್ಯರಿಗೆ ತೋರಿಸುವುದು ಎಪ್ಪತ್ತೈದರವರಿಗೂ ಕಷ್ಟವಲ್ಲ. ಆ ಹೊಂದಿಸುವ ಕೆಲಸದಲ್ಲಿ ಮಾತ್ರ ಆ್ಯಪ್ ಹಿರಿಯರಿಗೆ ಹೆಚ್ಚು ನೆರವಾಗುವುದಿಲ್ಲ. ಇನ್ನೊಂದು ತೊಡಕೂ ಇದೆ. ಖಾತೆ ತೆರೆದು, ಕಾರ್ಡು ಪ್ರಿಂಟ್ ಹಾಕಿ ಕೈಗೆ ಕೊಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಖಾತೆ ಮಾಡಿಸಿಕೊಡುವುದು ಬೇರೆ, ಕಲಿಸುವುದು ಬೇರೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಹಳ್ಳಿಗಳಲ್ಲಿ ಇದನ್ನು ‘ಐದು ಲಕ್ಷದ ಕಾರ್ಡು’ ಎಂದೇ ತಿಳಿದವರು ಬಹಳ. ಅಭಾ ವಿಮೆಯಲ್ಲ. ಇದರಿಂದ ಚಿಕಿತ್ಸೆಯ ಬಿಲ್ಲು ಒಂದು ರೂಪಾಯಿಯೂ ಇಳಿಯುವುದಿಲ್ಲ. ಆಸ್ಪತ್ರೆ ಖರ್ಚಿಗೆ ನೆರವಾಗುವ, ಆ ಐದು ಲಕ್ಷದ ಆಯುಷ್ಮಾನ್ ಕಾರ್ಡು ಬೇರೆ. ಎಪ್ಪತ್ತು ತುಂಬಿದವರಿಗಾಗಿ 2024ರ ಅಕ್ಟೋಬರ್ 29ರಂದು ಕೇಂದ್ರ ಚಾಲನೆ ಕೊಟ್ಟ ಆಯುಷ್ಮಾನ್ ವಯ ವಂದನ ಕಾರ್ಡು ಮತ್ತೂ ಬೇರೆ. ಅಭಾ ಎಂದರೆ ನಿಮ್ಮ ದಾಖಲೆಗಳಿಗೆ ಒಂದು ವಿಳಾಸ, ಅಷ್ಟೆ. ಅದರಲ್ಲಿ 14 ಅಂಕಿಯ ಒಂದು ಸಂಖ್ಯೆ ಇರುತ್ತದೆ. ಜೊತೆಗೆ ಇಮೇಲ್ ಮಾದರಿಯಲ್ಲಿ, ಹೆಸರಿನ ಮುಂದೆ ‘ಅಟ್ ಎಬಿಡಿಎಂ’ ಎಂದು ಕೊನೆಯಾಗುವ ಅಭಾ ಅಡ್ರೆಸ್ ಇರುತ್ತದೆ. ಹಿರಿಯರಿಗೆ ನೆನಪಿರಬೇಕಾದದ್ದು ಈ ಅಡ್ರೆಸ್. ಅದನ್ನು ಆಯ್ದುಕೊಳ್ಳುವಾಗ ಆ್ಯಪ್ ತಾನಾಗಿ ತೋರಿಸುವ ಉದ್ದನೆಯ ಅಕ್ಷರ-ಅಂಕಿಗಳ ಸರಮಾಲೆಯನ್ನು ಒಪ್ಪಬೇಡಿ. ಹೆಸರು ಮತ್ತು ಹುಟ್ಟಿದ ವರ್ಷ ಸೇರಿಸಿ ಬಾಯಲ್ಲಿ ಹೇಳಲು ಬರುವಂಥದ್ದನ್ನು ಮಾಡಿಕೊಡಿ. ಖಾತೆ ತೆರೆಯಲು ಶುಲ್ಕವಿಲ್ಲ.

ಇನ್ನು ಹೆಚ್ಚಿನವರು ಎಡವುವ ಜಾಗ: ಓಟಿಪಿ.

ಆಧಾರ್ ಮೂಲಕ ಅಭಾ ಮಾಡಿಸುವಾಗ ಮೊದಲ ಓಟಿಪಿ ಹೋಗುವುದು ಆಧಾರಿಗೆ ಜೋಡಿಸಿದ ಮೊಬೈಲಿಗೆ. ವಯಸ್ಸಾದವರ ಆಧಾರಿನಲ್ಲಿ ಇರುವುದು ಬೆಂಗಳೂರಿನಲ್ಲಿರುವ ಮಗನ ನಂಬರೋ, ರೀಚಾರ್ಜ್ ಮಾಡದೆ ಎಂದೋ ಕಡಿದುಹೋದ ಹಳೆಯ ಸಿಮ್ಮೋ ಆಗಿರುತ್ತದೆ. ಹಾಗಾಗಿ ಆ್ಯಪ್ ಇಳಿಸುವುದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ‘ಆಧಾರಿಗೆ ಯಾವ ನಂಬರ್ ಕೊಟ್ಟಿದ್ದೀರಿ, ಆ ಸಿಮ್ ಈಗ ಯಾರ ಹತ್ತಿರ ಇದೆ?’ ಎಂಬುದು. ಮಗನ ಹತ್ತಿರ ಇದ್ದರೆ ಕೆಲಸ ನಿಲ್ಲಬೇಕಿಲ್ಲ. ಮಗನಿಗೆ ಫೋನು ಮಾಡಿ, ಅವರು ಓಟಿಪಿ ಓದಿ ಹೇಳಿದರೆ ಮುಂದಿನ ಹಂತಕ್ಕೆ ಹೋಗಬಹುದು. ಅಲ್ಲಿ ಆ್ಯಪ್ ‘ಅಭಾಗೆ ಯಾವ ಮೊಬೈಲ್ ನಂಬರ್?’ ಎಂದು ಮತ್ತೆ ಕೇಳುತ್ತದೆ. ಅವಸರದಲ್ಲಿ ಅಲ್ಲಿಯೂ ಮಗನ ನಂಬರನ್ನೇ ಒತ್ತುವುದು ಬಹಳ ಸಾಮಾನ್ಯವಾದ ತಪ್ಪು. ಆ ಜಾಗದಲ್ಲಿ ಹಿರಿಯರು ದಿನವೂ ಜೇಬಿನಲ್ಲಿ ಇಟ್ಟುಕೊಳ್ಳುವ ಫೋನಿನ ನಂಬರ್ ಕೊಟ್ಟು, ಅದಕ್ಕೆ ಬರುವ ಎರಡನೆಯ ಓಟಿಪಿ ಹಾಕಿ. ಅಲ್ಲಿಂದ ಮುಂದೆ ಮೊಬೈಲ್ ನಂಬರಿನಿಂದ ಲಾಗಿನ್ ಆಗುವಾಗ ಓಟಿಪಿ ಅವರ ಫೋನಿಗೇ ಬರುತ್ತದೆ. ಈ ಒಂದು ಹೆಜ್ಜೆ ತಪ್ಪಿದರೆ ಪ್ರತಿ ಲಾಗಿನ್‌ಗೂ ಮಗನ ಫೋನು ಬಿಡುವಾಗುವವರೆಗೆ ಕಾಯಬೇಕು. ವೈದ್ಯರ ಮುಂದೆ ಕುಳಿತು ಅದು ಆಗುವ ಮಾತಲ್ಲ.

ಸಿಮ್ ಸತ್ತಿದ್ದರೆ ಆಧಾರ್ ಕೇಂದ್ರಕ್ಕೆ ರೋಗಿಯೇ ಹೋಗಿ ಬೆರಳಚ್ಚು ಕೊಟ್ಟು ನಂಬರ್ ಬದಲಿಸಿಕೊಳ್ಳಬಹುದು. ಮೊಬೈಲ್ ನಂಬರ್ ಬದಲಾವಣೆಗೆ ಬೇರೆ ಕಾಗದಪತ್ರ ಬೇಡ. ಅಭಾ ಕೆಲಸವನ್ನೂ ಅದೇ ದಿನ ಇಟ್ಟುಕೊಳ್ಳಬೇಡಿ, ಬದಲಾವಣೆ ದಾಖಲಾಗಲು ಸಮಯ ಹಿಡಿಯುತ್ತದೆ. ಇನ್ನೊಂದು ಮಾತು: ಕಾಫಿ, ಅಡಿಕೆ, ಶುಂಠಿ ಕೆಲಸದಲ್ಲಿ ಸವೆದ ಬೆರಳುಗಳ ಗೆರೆ ಯಂತ್ರಕ್ಕೆ ಸಿಗುವುದಿಲ್ಲ. ಕೈ ತೊಳೆದು ಒರೆಸಿ, ಸ್ವಲ್ಪ ಎಣ್ಣೆ ಅಥವಾ ಕ್ರೀಮ್ ಸವರಿ, ಮತ್ತೆ ಒರೆಸಿಕೊಂಡು ಒತ್ತಿದರೆ ಸಿಗುವ ಸಾಧ್ಯತೆ ಹೆಚ್ಚು. ಒಂದು ಬೆರಳು ಆಗದಿದ್ದರೆ ಬೇರೆ ಬೆರಳು ಪ್ರಯತ್ನಿಸಲು ಹೇಳಿ.

ಓಟಿಪಿ ಬಂದ ಮೇಲೂ ತೊಡಕುಗಳಿವೆ. ಕಡಿಮೆ ಮೆಮೊರಿಯ ಫೋನಿನಲ್ಲಿ ಮೆಸೇಜ್ ಓದಲು ಆ್ಯಪಿನಿಂದ ಹೊರಗೆ ಹೋಗಿ ವಾಪಸ್ ಬಂದರೆ ಆ್ಯಪ್ ಮೊದಲಿನಿಂದ ಶುರುವಾಗಿಬಿಡಬಹುದು. ಆಗ ಬಂದ ಓಟಿಪಿ ವ್ಯರ್ಥ. ಇದಕ್ಕೆ ಪರಿಹಾರ, ಪರದೆಯ ಮೇಲ್ತುದಿಯಿಂದ ಬೆರಳು ಕೆಳಗೆ ಎಳೆದು ಅಲ್ಲೇ ಓಟಿಪಿ ಓದುವುದನ್ನು ಕಲಿಸುವುದು. ಎರಡನೆಯದು, ತಡವಾಯಿತೆಂದು ‘ರೀಸೆಂಡ್’ ಒತ್ತಿದ ಮೇಲೆ ಮೊದಲಿನ ಓಟಿಪಿ ನಡೆಯುವುದಿಲ್ಲ. ಎರಡೂ ಮೆಸೇಜು ಒಟ್ಟಿಗೆ ಬಂದಾಗ ಹಿರಿಯರು ಮೇಲಿಂದ ಓದುತ್ತಾ ಹಳೆಯದನ್ನೇ ಹಾಕುತ್ತಾರೆ, ಆ್ಯಪ್ ‘ತಪ್ಪು’ ಎನ್ನುತ್ತದೆ. ರೀಸೆಂಡ್ ಒತ್ತುವ ಮೊದಲು ಪೂರ್ತಿ ಒಂದು ನಿಮಿಷ ಕಾಯಲು ಹೇಳಿ. ಮೂರನೆಯದು, ಹಿರಿಯರು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿಕೊಂಡು ಒತ್ತುವಷ್ಟರಲ್ಲಿ ಪರದೆ ಆರಿಹೋಗುತ್ತದೆ. ಹೆಚ್ಚಿನ ಫೋನುಗಳಲ್ಲಿ ಇದು 30 ಸೆಕೆಂಡಿಗೆ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಗೆ ಹೋಗಿ ಸ್ಕ್ರೀನ್ ಟೈಮೌಟನ್ನು 2 ಅಥವಾ 5 ನಿಮಿಷಕ್ಕೆ ಏರಿಸಿ.

ಅಲ್ಲಿರುವಾಗಲೇ ಇನ್ನೆರಡು ಬದಲಾವಣೆ ಮಾಡಿಬಿಡಿ. ಅಕ್ಷರದ ಗಾತ್ರವನ್ನು ಒಂದು-ಎರಡು ಮೆಟ್ಟಿಲು ಮಾತ್ರ ಏರಿಸಿ. ತೀರಾ ದೊಡ್ಡದು ಮಾಡಿದರೆ ಆ್ಯಪಿನ ಕೆಳತುದಿಯ ಬಟನ್ ಪರದೆಯಿಂದಾಚೆ ಹೋಗಿ ‘ಮುಂದಕ್ಕೆ ಹೋಗೋಕೇ ಆಗ್ತಿಲ್ಲ’ ಎಂಬ ದೂರು ಬರುತ್ತದೆ. ಕೈ ನಡುಗುವವರಿಗೆ ಆಕ್ಸೆಸಿಬಿಲಿಟಿಯಲ್ಲಿ ‘ಟಚ್ ಅಂಡ್ ಹೋಲ್ಡ್ ಡಿಲೇ’ ಎಂಬುದನ್ನು ‘ಲಾಂಗ್’ ಮಾಡಿ. ಬೆರಳು ಸ್ವಲ್ಪ ಹೊತ್ತು ಪರದೆಯ ಮೇಲೆ ಉಳಿದರೂ ಬೇರೆ ಮೆನು ತೆರೆದುಕೊಳ್ಳುವುದು ಆಗ ಕಡಿಮೆಯಾಗುತ್ತದೆ. ಈ ಮೂರು ಸೆಟ್ಟಿಂಗಿಗೆ ಐದು ನಿಮಿಷ ಸಾಕು. ಎಷ್ಟೋ ಸಲ ‘ಅಜ್ಜಿಗೆ ಬರಲ್ಲ’ ಎಂದು ಮನೆಯವರು ಕೈಚೆಲ್ಲುವುದಕ್ಕೆ ನಿಜವಾದ ಕಾರಣ ಈ ಸೆಟ್ಟಿಂಗುಗಳೇ. ಅಜ್ಜಿಯ ತಪ್ಪು ಏನೂ ಇರುವುದಿಲ್ಲ.

ಆ್ಯಪ್ ಇಳಿಸುವಾಗ ಹೆಸರು ನೋಡಿ ಇಳಿಸಬೇಡಿ. ಒಂದೇ ಥರ ಕಾಣುವ ಆ್ಯಪುಗಳು ಇರುತ್ತವೆ. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ‘ನ್ಯಾಷನಲ್ ಹೆಲ್ತ್ ಅಥಾರಿಟಿ’ ಎಂದಿರುವುದನ್ನು ಓದಿಕೊಂಡೇ ಇಳಿಸಿ. ಯಾರೋ ವಾಟ್ಸ್ಆ್ಯಪಿನಲ್ಲಿ ಕಳಿಸಿದ ಲಿಂಕಿನಿಂದ ಇಳಿಸುವುದಂತೂ ಬೇಡವೇ ಬೇಡ.

ದಾಖಲೆ ಜೋಡಿಸುವ ವಿಷಯಕ್ಕೆ ಬಂದರೆ, ‘ಖಾತೆ ಮಾಡಿದೆ, ಒಳಗೆ ಏನೂ ಇಲ್ಲ’ ಎಂಬ ನಿರಾಶೆ ಎಲ್ಲ ಕಡೆಯೂ ಇದೆ. ಇದಕ್ಕೆ ಕಾರಣ ವ್ಯವಸ್ಥೆ ಕೆಲಸ ಮಾಡುವ ರೀತಿಯಲ್ಲೇ ಇದೆ. ಅಭಾ ಒಂದು ಗೋದಾಮಲ್ಲ. ರಿಪೋರ್ಟುಗಳು ಆಯಾ ಆಸ್ಪತ್ರೆ ಮತ್ತು ಲ್ಯಾಬಿನ ಕಂಪ್ಯೂಟರಿನಲ್ಲೇ ಉಳಿಯುತ್ತವೆ. ಆ್ಯಪ್ ಅಲ್ಲಿಗೆ ಕೊಂಡಿ ಹಾಕಿ ತಂದು ತೋರಿಸುತ್ತದೆ. ಆಸ್ಪತ್ರೆ ಈ ಜಾಲಕ್ಕೆ ಸೇರಿರಬೇಕು, ರೋಗಿಯ ದಾಖಲೆಯನ್ನು ಕೈಬರಹದಲ್ಲಿ ಅಲ್ಲದೆ ಕಂಪ್ಯೂಟರಿನಲ್ಲಿ ಬರೆದಿರಬೇಕು, ಆ ದಾಖಲೆ ಈ ರೋಗಿಯದೇ ಎಂದು ಹೊಂದಾಣಿಕೆ ಆಗಬೇಕು. ಮೊದಲೆರಡು ನಮ್ಮ ಕೈಯಲ್ಲಿಲ್ಲ. ಮೂರನೆಯದು ಪೂರ್ತಿ ನಮ್ಮ ಕೈಯಲ್ಲಿದೆ.

ಹೊಂದಾಣಿಕೆ ನಡೆಯುವುದು ಮೊಬೈಲ್ ನಂಬರ್, ಹೆಸರು, ಲಿಂಗ ಮತ್ತು ಹುಟ್ಟಿದ ವರ್ಷದ ಮೇಲೆ. ನಮ್ಮ ಸೀಮೆಯ ಹಿರಿಯರ ಹೆಸರುಗಳು ಇಲ್ಲಿ ಸಿಕ್ಕಿಬೀಳುತ್ತವೆ. ಊರಿನ ಅಕ್ಷರ, ತಂದೆಯ ಅಕ್ಷರ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ. ‘ಗೌಡ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಡಬ್ಲ್ಯು ಹಾಕುವವರೂ ಇದ್ದಾರೆ, ಯು ಹಾಕುವವರೂ ಇದ್ದಾರೆ. ಆಧಾರಿನಲ್ಲಿ ಲಕ್ಷ್ಮಮ್ಮ ಎಂದಿರುವವರು ಚೀಟಿಯಲ್ಲಿ ಲಕ್ಷ್ಮೀದೇವಮ್ಮ. ವಯಸ್ಸಂತೂ ಚೀಟಿ ಬರೆಯುವವರು ಕೇಳಿದಾಗ ‘ಅರವತ್ತೋ ಎಪ್ಪತ್ತೋ ಬರಕೊಳ್ಳಿ’ ಎಂದು ಹೇಳಿದ್ದೇ ದಾಖಲೆಯಾಗಿಬಿಟ್ಟಿರುತ್ತದೆ. ಆಧಾರಿನಲ್ಲಿ 1952 ಎಂದಿದ್ದು ಆಸ್ಪತ್ರೆಯಲ್ಲಿ ಹತ್ತು ವರ್ಷ ವ್ಯತ್ಯಾಸವಿದ್ದರೆ ಆ್ಯಪಿಗೆ ಅವರಿಬ್ಬರೂ ಬೇರೆ ಬೇರೆ ಮನುಷ್ಯರು.

ಹಾಗಾಗಿ ಮುಂದಿನ ಭೇಟಿಯಲ್ಲಿ ಚೀಟಿ ಕೌಂಟರಿನಲ್ಲೇ ಎರಡು ಮಾತು ಹೇಳಬೇಕು: ‘ನನ್ನ ಹೆಸರು, ವರ್ಷ, ಮೊಬೈಲ್ ಆಧಾರ್ ಪ್ರಕಾರ ಸರಿಮಾಡಿ, ನನ್ನ ಅಭಾ ನಂಬರ್ ಸೇರಿಸಿ.’ ಬೇರೆ ಸಮಯದಲ್ಲಿ ಹೋಗಿ ಕೇಳುವುದಕ್ಕಿಂತ ಚೀಟಿ ಮಾಡಿಸುವಾಗಲೇ ಹೇಳುವುದು ಸುಲಭ, ಏಕೆಂದರೆ ಆ ಹೊತ್ತಿಗೆ ರೋಗಿಯ ಪುಟ ಅವರ ಪರದೆಯ ಮೇಲೆ ತೆರೆದೇ ಇರುತ್ತದೆ. ಹಳೆಯ ಆಸ್ಪತ್ರೆ ನಂಬರಿನ ಚೀಟಿ ಕೈಯಲ್ಲಿರಲಿ. ಇಲ್ಲದಿದ್ದರೆ ಹೊಸ ನಂಬರ್ ಹುಟ್ಟಿಕೊಂಡು ಒಬ್ಬರೇ ರೋಗಿಗೆ ಎರಡು ಫೈಲು ಆಗುತ್ತದೆ. ಆಮೇಲೆ ಆ್ಯಪಿನಲ್ಲಿ ಆ ಆಸ್ಪತ್ರೆಯ ಹೆಸರು ಹುಡುಕಿ, ಸಿಕ್ಕ ದಾಖಲೆಗಳನ್ನು ಗುರುತು ಹಾಕಿ, ಆಸ್ಪತ್ರೆಯ ಕಡೆಯಿಂದ ಬರುವ ಓಟಿಪಿ ಕೊಟ್ಟರೆ ಜೋಡಣೆ ಆಗುತ್ತದೆ.

‘ಸ್ಕ್ಯಾನ್ ಅಂಡ್ ಶೇರ್’ ಈ ಆ್ಯಪಿನಲ್ಲಿ ಹಿರಿಯರಿಗೆ ಅತ್ಯಂತ ಉಪಯೋಗಕ್ಕೆ ಬರುವ ಭಾಗ. ಕೌಂಟರಿನ ಹತ್ತಿರ ಅಂಟಿಸಿರುವ ಕ್ಯೂಆರ್ ಚೌಕಕ್ಕೆ ಅಭಾ ಆ್ಯಪಿನ ಕ್ಯಾಮೆರಾ ಹಿಡಿದರೆ ಹೆಸರು, ವಯಸ್ಸು, ಮೊಬೈಲ್, ವಿಳಾಸ ನೇರವಾಗಿ ಆಸ್ಪತ್ರೆಯ ಕಂಪ್ಯೂಟರಿಗೆ ಹೋಗುತ್ತದೆ, ಪರದೆಯ ಮೇಲೆ ಟೋಕನ್ ಸಂಖ್ಯೆ ಬರುತ್ತದೆ. ಹೆಸರು ಬರೆಯುವಾಗ ತಪ್ಪಾಗುವ ಸಮಸ್ಯೆಯೇ ಇಲ್ಲಿ ಇಲ್ಲ, ಅದೇ ಇದರ ದೊಡ್ಡ ಲಾಭ. ಈ ಫಲಕ ಎಲ್ಲ ಕಡೆಯೂ ಇರುವುದಿಲ್ಲ, ಕಂಡರೆ ಬಳಸಿ. ಆದರೆ ಅದೇ ಗೋಡೆಯ ಮೇಲೆ ಹಣ ಕಟ್ಟುವ ಯುಪಿಐ ಕ್ಯೂಆರ್ ಕೂಡ ಇರಬಹುದು. ಹಿರಿಯರಿಗೆ ಎರಡೂ ಒಂದೇ ಥರ ಕಾಣುತ್ತವೆ. ‘ಅಭಾ ಆ್ಯಪ್ ತೆರೆದು ಸ್ಕ್ಯಾನ್ ಮಾಡುವುದು ಚೀಟಿಗೆ, ಫೋನ್‌ಪೇ ತೆರೆದು ಸ್ಕ್ಯಾನ್ ಮಾಡುವುದು ದುಡ್ಡಿಗೆ’ ಎಂದು ಬೇರೆ ಬೇರೆಯಾಗಿ ತೋರಿಸಿಕೊಡಿ. ಟೋಕನ್ ಬಂದ ಮೇಲೂ ಕೌಂಟರಿಗೆ ಹೋಗಿ ಚೀಟಿ ಪಡೆಯಲೇಬೇಕು. ಟೋಕನ್ ಬಂತೆಂದು ನೇರವಾಗಿ ವೈದ್ಯರ ಕೋಣೆ ಮುಂದೆ ಕುಳಿತು ಕಾದರೆ ಹೆಸರು ಕರೆಯುವುದಿಲ್ಲ.

ಒಪ್ಪಿಗೆ ಕೇಳುವ ವಿಧಾನ ಚೆನ್ನಾಗಿದೆ, ಆದರೆ ಅದರ ಭಾಷೆ ಕಷ್ಟ. ಬೇರೆ ಆಸ್ಪತ್ರೆಯ ವೈದ್ಯರು ನಿಮ್ಮ ಹಳೆಯ ದಾಖಲೆ ನೋಡಬೇಕಾದರೆ ಆ್ಯಪಿಗೆ ಕೋರಿಕೆ ಬರುತ್ತದೆ. ಯಾರು ಕೇಳುತ್ತಿದ್ದಾರೆ, ಯಾವ ಉದ್ದೇಶಕ್ಕೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನ ದಾಖಲೆ, ಎಲ್ಲಿಯವರೆಗೆ ನೋಡಬಹುದು ಎಂದೆಲ್ಲ ಅದರಲ್ಲಿರುತ್ತದೆ. ಬೇಡದ್ದನ್ನು ತೆಗೆದು ಒಪ್ಪಬಹುದು, ಕೊಟ್ಟ ಒಪ್ಪಿಗೆಯನ್ನು ಆಮೇಲೆ ವಾಪಸ್ ಪಡೆಯಲೂಬಹುದು. ರೋಗಿಗೆ ಇಷ್ಟು ಹಿಡಿತ ಕೊಟ್ಟಿರುವುದು ನಿಜಕ್ಕೂ ಮೆಚ್ಚಬೇಕಾದ ಸಂಗತಿ. ಹಿರಿಯರಿಗೆ ಇದನ್ನೆಲ್ಲ ವಿವರಿಸಿ ಹೆದರಿಸಬೇಡಿ. ಒಂದೇ ನಿಯಮ ಕಲಿಸಿ: ಕೇಳುತ್ತಿರುವ ಆಸ್ಪತ್ರೆಯಲ್ಲಿ ಈಗ ನೀವು ಕುಳಿತಿದ್ದರೆ ಒಪ್ಪಿ, ಮನೆಯಲ್ಲಿದ್ದಾಗ ಬಂದರೆ ಮುಟ್ಟದೆ ಬಿಡಿ, ಮನೆಯವರಿಗೆ ತೋರಿಸಿ. ಫೋನಿನಲ್ಲಿ ಮಾತಾಡಿ ‘ಅಭಾ ಆಫೀಸಿನಿಂದ’ ಎಂದು ಓಟಿಪಿ ಕೇಳುವವರಿಗೆ ಯಾವ ಕಾರಣಕ್ಕೂ ಹೇಳಬಾರದು. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹಳೆಯ ಕಾಗದಗಳಿಗೆ ಡಿಜಿಲಾಕರ್, ಅಂದರೆ ದಾಖಲೆಗಳನ್ನು ಇಟ್ಟುಕೊಳ್ಳುವ ಕೇಂದ್ರ ಸರ್ಕಾರದ ಆ್ಯಪ್, ಒಳ್ಳೆಯ ಜೊತೆ. ಅಲ್ಲಿ ಒಟ್ಟು 1 ಜಿಬಿ ಜಾಗ, ಒಂದು ಫೈಲು 10 ಎಂಬಿ ಮೀರುವಂತಿಲ್ಲ, ಪಿಡಿಎಫ್ ಮತ್ತು ಫೋಟೊ ಹಾಕಬಹುದು. ಮೊದಲು ಫೋಟೊ ತೆಗೆಯಬೇಕಾದದ್ದು ಇಸಿಜಿ ಮತ್ತು ಸ್ಕ್ಯಾನಿಂಗಿನ ನುಣುಪು ಕಾಗದ. ಅವು ಶಾಖದಿಂದ ಮೂಡುವ ಮುದ್ರಣ, ಬಿಸಿಲಿಗೆ ಮಾಸುತ್ತವೆ, ಕೆಲವು ಬಗೆಯ ಪ್ಲಾಸ್ಟಿಕ್ಕಿಗೆ ತಾಗಿಕೊಂಡಿದ್ದರೂ ಮಾಸುತ್ತವೆ. ಜೋಪಾನ ಮಾಡಲೆಂದು ಲ್ಯಾಮಿನೇಷನ್ ಮಾಡಿಸಿದರೆ ಯಂತ್ರದ ಬಿಸಿಗೆ ಪೂರ್ತಿ ಕಪ್ಪಾಗಿಬಿಡುತ್ತದೆ. ಜಗಲಿಯ ಬೆಳಕಿನಲ್ಲಿ, ಫ್ಲ್ಯಾಶ್ ಆರಿಸಿ, ನಾಲ್ಕೂ ಮೂಲೆ ಕಾಣುವಂತೆ ತೆಗೆಯಿರಿ. ಹೆಸರು ಮತ್ತು ತಾರೀಖು ಫೋಟೊದೊಳಗೆ ಬರಲೇಬೇಕು. ಫೈಲಿನ ಹೆಸರನ್ನು ವರ್ಷ-ತಿಂಗಳು-ದಿನ ಎಂದು ಶುರುಮಾಡಿ, 2024-03-12 ಇಸಿಜಿ ಎಂಬಂತೆ. ಆಗ ತಾನಾಗಿಯೇ ಕಾಲಕ್ರಮದಲ್ಲಿ ಜೋಡಣೆಯಾಗುತ್ತದೆ.

ಎಲ್ಲ ಕಾಗದವನ್ನೂ ಹಾಕುವ ಹಠ ಬೇಡ. ಕೊನೆಯ ಡಿಸ್ಚಾರ್ಜ್ ಸಾರಾಂಶ, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ, ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ) ಮತ್ತು ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ), ಹೃದಯದವರಿಗೆ ಎಕೋ ಮತ್ತು ಒಂದು ಹಳೆಯ ಇಸಿಜಿ, ಔಷಧಿಯ ಅಲರ್ಜಿ ಇದ್ದರೆ ಅದರ ಚೀಟಿ. ಹಾಸನದಿಂದ ಮೈಸೂರಿಗೋ ಮಂಗಳೂರಿಗೋ ರಾತ್ರೋರಾತ್ರಿ ಕಳಿಸಿದಾಗ ಅಲ್ಲಿಯ ವೈದ್ಯರು ಮೊದಲು ಕೇಳುವುದು ಇಂಥವನ್ನೇ. ಹಳೆಯ ಇಸಿಜಿ ಇದ್ದರೆ ಈಗಿನ ಬದಲಾವಣೆ ಹೊಸದೋ ಮೊದಲಿನದೋ ಎಂದು ಹೋಲಿಸಿ ನೋಡಬಹುದು.

ಕಲಿಸುವ ಕ್ರಮ ಹೇಗಿರಬೇಕು? ಮೊದಲ ದಿನ ಖಾತೆ ತೆರೆಯುವುದನ್ನು ಕಲಿಸಲೇಬೇಡಿ. ಅದು ಜೀವನದಲ್ಲಿ ಒಮ್ಮೆ ಮಾಡುವ ಕೆಲಸ, ಮೊಮ್ಮಗಳು ಮಾಡಿಕೊಟ್ಟರೆ ನಷ್ಟವಿಲ್ಲ. ಮೊದಲ ಪಾಠ ಒಂದೇ ಒಂದು: ಆ್ಯಪ್ ಒತ್ತು, ರಿಪೋರ್ಟ್ ತೆರೆ, ಎರಡು ಬೆರಳಿಂದ ದೊಡ್ಡದು ಮಾಡು, ಎದುರಿನವರ ಕಡೆ ಫೋನ್ ತಿರುಗಿಸು. ಇದನ್ನು ಅವರ ಕೈಯಿಂದಲೇ ಮೂರು ಸಲ ಮಾಡಿಸಿ. ನಿಮ್ಮ ಕೈ ಬೆನ್ನ ಹಿಂದೆ ಇರಲಿ, ಅವರು ತಡವರಿಸಿದ ಕೂಡಲೇ ಫೋನು ಕಿತ್ತುಕೊಂಡು ‘ಹೀಗೆ ನೋಡಜ್ಜ’ ಎಂದು ನೀವು ಮಾಡಿದರೆ ಪಾಠ ಅಲ್ಲಿಗೆ ನಿಂತಿತು. ಎರಡು ದಿನ ಬಿಟ್ಟು ಮತ್ತೆ ಮಾಡಿಸಿ. ಒಂದು ವಾರದ ನಂತರವೂ ತಾವೇ ತೆರೆದರೆ ಸ್ಕ್ಯಾನ್ ಅಂಡ್ ಶೇರ್ ಕಲಿಸಿ, ಅದರ ನಂತರ ಒಪ್ಪಿಗೆಯ ನಿಯಮ. ಹೆಜ್ಜೆಗಳನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಡಿ, ಆದರೆ ಬಟನ್ನಿನ ಹೆಸರು ಪರದೆಯ ಮೇಲೆ ಹೇಗಿದೆಯೋ ಹಾಗೆಯೇ ಕನ್ನಡ ಲಿಪಿಯಲ್ಲಿ ಇರಲಿ. ‘ಸಮ್ಮತಿ’ ಎಂದು ಬರೆದುಕೊಟ್ಟರೆ ಪರದೆಯಲ್ಲಿ ಆ ಪದ ಹುಡುಕಿ ಸೋಲುತ್ತಾರೆ, ‘ಕನ್ಸೆಂಟ್’ ಎಂದು ಬರೆದರೆ ಉಪಯೋಗಕ್ಕೆ ಬರುತ್ತದೆ. ಆ್ಯಪ್ ಅಪ್‌ಡೇಟ್ ಆದಾಗ ಬಟನ್ನುಗಳ ಜಾಗ ಬದಲಾಗಿದ್ದರೆ ಈ ಹಾಳೆಯನ್ನೂ ತಿದ್ದಬೇಕು.

ರಿಪೋರ್ಟಿನೊಳಗಿನ ಭಾಷೆ ಇಂಗ್ಲಿಷೇ. ಲ್ಯಾಬ್ ಹೇಗೆ ಬರೆದಿದೆಯೋ ಹಾಗೇ ಬರುತ್ತದೆ. ಕೆಂಪಕ್ಷರ ಕಂಡು ಹೆದರಿ ಮಾತ್ರೆ ಬಿಡುವುದು, ಹೆಚ್ಚು ಮಾಡುವುದು ನಡೆಯುತ್ತದೆ. ರಿಪೋರ್ಟ್ ಓದಿ ಮಾತ್ರೆ ಬದಲಿಸಬಾರದು ಎಂಬುದು ಮೊದಲ ದಿನವೇ ಹೇಳಬೇಕಾದ ಮಾತು.

ಹಾನುಬಾಳು, ಹೆತ್ತೂರಿನಂಥ ಕಡೆ ಸಿಗ್ನಲ್ ನಂಬುವಂತಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಆದ್ದರಿಂದ ಹಾಸನದಲ್ಲಿ ಇರುವಾಗಲೇ ರಿಪೋರ್ಟ್ ತೆರೆದು, ಪಿಡಿಎಫ್ ಇಳಿಸಿ ಫೋನಿನಲ್ಲಿಟ್ಟುಕೊಂಡು ಬಸ್ಸು ಹತ್ತಿ. ಮನೆಯ ಒಬ್ಬರಿಗೆ ಒಂದು ಪ್ರತಿ ಕಳಿಸಿರಿ.

ಸ್ಮಾರ್ಟ್‌ಫೋನ್ ಇಲ್ಲದವರೂ ಅಭಾ ಮಾಡಿಸಬಹುದು. ಈ ಸೌಲಭ್ಯ ಇರುವ ಆಸ್ಪತ್ರೆಗಳಲ್ಲಿ ಸಿಬ್ಬಂದಿ ಆಧಾರ್ ಓಟಿಪಿ ಅಥವಾ ಬೆರಳಚ್ಚಿನಿಂದ ಮಾಡಿಕೊಡುತ್ತಾರೆ, ಕ್ಯೂಆರ್ ಇರುವ ಕಾರ್ಡನ್ನು ಪ್ರಿಂಟ್ ಹಾಕಿಸಿಕೊಂಡರೆ ಕೌಂಟರಿನಲ್ಲಿ ತೋರಿಸಬಹುದು. ಮನೆಯ ಒಂದೇ ಮೊಬೈಲಿನಲ್ಲಿ ಗಂಡ-ಹೆಂಡತಿ ಇಬ್ಬರ ಖಾತೆಯೂ ಇದ್ದರೆ ಲಾಗಿನ್ ಆಗುವಾಗ ಹೆಸರುಗಳ ಪಟ್ಟಿ ಬರುತ್ತದೆ. ಅಲ್ಲಿ ಅವಸರದಲ್ಲಿ ಮೊದಲ ಹೆಸರು ಒತ್ತಿ, ಅಜ್ಜಿಯ ಬದಲು ತಾತನ ರಿಪೋರ್ಟ್ ವೈದ್ಯರಿಗೆ ತೋರಿಸುವ ಅಪಾಯವಿದೆ. ಪ್ರತಿ ಸಲವೂ ರಿಪೋರ್ಟಿನ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ ತೋರಿಸುವ ಅಭ್ಯಾಸ ಮಾಡಿಸಿ. ಖಾತೆಯ ತೊಂದರೆಗೆ ಉಚಿತ ಸಹಾಯವಾಣಿ 1800-11-4477.

ಪ್ಲಾಸ್ಟಿಕ್ ಕವರನ್ನು ಎಸೆಯಬೇಡಿ. ಸಿ.ಟಿ., ಎಂಆರ್‌ಐ ಫಿಲಂಗಳು, ಸಿ.ಡಿ., ಆಪರೇಷನ್ನಿನಲ್ಲಿ ಒಳಗೆ ಹಾಕಿದ ಸ್ಟೆಂಟ್ ಅಥವಾ ರಾಡಿನ ಸ್ಟಿಕರ್ ಇರುವ ಕಾಗದ ಅದರಲ್ಲೇ ಇರಲಿ. ಕವರಿನ ಒಳಗಡೆ ಒಂದು ಚೀಟಿ ಅಂಟಿಸಿ: ಅಭಾ ಅಡ್ರೆಸ್, ಅದಕ್ಕೆ ಕೊಟ್ಟ ಮೊಬೈಲಿನ ಕೊನೆಯ ನಾಲ್ಕು ಅಂಕಿ, ಆ ಫೋನು ಯಾರ ಹತ್ತಿರ ಇರುತ್ತದೆ ಎಂಬುದು, ಯಾವ ಯಾವ ಆಸ್ಪತ್ರೆ ಜೋಡಣೆಯಾಗಿದೆ ಎಂಬ ಪಟ್ಟಿ. ಆಧಾರ್ ಸಂಖ್ಯೆ, ಫೋನಿನ ಪಿನ್ ಅದರಲ್ಲಿ ಬರೆಯಬೇಡಿ.